ದೋಣಿ ಪಿಶಿಯ ಹನ್ನೆರಡನೇ ಅಧ್ಯಾಯ

ಬೆಳಗಿನ ನಾಲ್ಕೂ ಮುಕ್ಕಾಲು. ಬಂಗಾಳದ ಕಾಲ್ನಾ ಊರಿನ ನೇಕಾರರ ಓಣಿಯಲ್ಲಿ ಮಗ್ಗಗಳಿಗೆ ಇನ್ನೂ ಎಚ್ಚರವಾಗಿಲ್ಲ. ಅಣಿಮಾ ಸಾಂತ್ರಾ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾರೆ. ಮುಂದೆ ನೀಲಿ ಬಣ್ಣದ ಲಸಿಕೆ ಪೆಟ್ಟಿಗೆ. ಕೆಟ್ಟಿತೆಂದು ಆರೋಗ್ಯ ಇಲಾಖೆ ಎಸೆದಿದ್ದನ್ನು ಮನೆಗೆ ತಂದು ಬರೆಯುವ ಮೇಜು ಮಾಡಿಕೊಂಡು ಇಪ್ಪತ್ತು ವರ್ಷವಾಯಿತು. ಒಂದು ಬದಿಗೆ ಹಾಲಿಲ್ಲದ ಕೆಂಪು ಚಹಾ, ಇನ್ನೊಂದು ಬದಿಗೆ ಬಟ್ಟಲು ತುಂಬ ಮಂಡಕ್ಕಿ. ಮಂಡಕ್ಕಿ ಎಡಗೈಯಿಂದ ಬಾಯಿಗೆ ಹೋಗುತ್ತದೆ. ಹಾದು ಹೋಗುವವರು ಯಾರಾದರೂ ನೋಡಿ ಮೂಗು ಮುರಿದರೆ, "ಬಲಗೈ ಡ್ಯೂಟೀಲಿದೆ" ಎನ್ನುತ್ತಾರೆ.

ಬಲಗೈ ಡ್ಯೂಟಿಯಲ್ಲಿರುವುದು ನಿಜ, ಕೆಲಸ ಮಾತ್ರ ನಡೆದಿಲ್ಲ. ಪುಟದ ನೆತ್ತಿಯಲ್ಲಿ 'ಹನ್ನೆರಡು' ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಕೆಳಗೆ ಒಂದಕ್ಷರವಿಲ್ಲ. ನಿನ್ನೆಯೂ ಇರಲಿಲ್ಲ, ಮೊನ್ನೆಯೂ ಇರಲಿಲ್ಲ. ಇವತ್ತು ಬಂಗಾಳಿ ಪಂಚಾಂಗದ ಆಷಾಢದ ಒಂಬತ್ತನೇ ದಿನ. ಇಪ್ಪತ್ತನೇ ದಿನಕ್ಕೆ ಕೋಲ್ಕತ್ತಾದ ಮಕ್ಕಳ ಮಾಸಪತ್ರಿಕೆ 'ಲಾಟ್ಟು'ವಿನ ದುರ್ಗಾಪೂಜೆ ವಿಶೇಷಾಂಕ ಅಚ್ಚಿಗೆ ಹೋಗುತ್ತದೆ. ಲಾಟ್ಟು ಅಂದರೆ ಬುಗುರಿ. ನಲವತ್ತೊಂದು ವರ್ಷದಿಂದ ಆ ವಿಶೇಷಾಂಕದಲ್ಲಿ ಅಣಿಮಾ ಅವರ ಬರಹ ಒಂದು ಸಲವೂ ತಪ್ಪಿಲ್ಲ.

"ಬರೆಯೋಕೆ ಬರದೇ ಇರೋದು ಬೇರೆ," ಎನ್ನುತ್ತಾರೆ ಪೆನ್ನಿನ ಮುಚ್ಚಳ ಹಾಕುತ್ತಾ. "ಒಂದ್ಸಲ ಬರೆದಿದ್ದು ನೆನಪಿಗೆ ಬರದೇ ಇರೋದು ಬೇರೆ. ನನಗಾಗಿರೋದು ಎರಡನೇದು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗಿ ಹೋಗಿ ಬರುತ್ತಲ್ಲ, ಹಾಗೆ."

ಅಣಿಮಾಗೆ ಈಗ ಎಪ್ಪತ್ತು. ಊರಿಗೆಲ್ಲ ಆಕೆ ಅಣಿಮಾದಿ, ನಮ್ಮಲ್ಲಾದರೆ ಅಣಿಮಕ್ಕ ಎನ್ನುತ್ತಿದ್ದರು. ತಂದೆ ಇದೇ ಓಣಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವರು. ಅವರು ತೀರಿಕೊಂಡಾಗ ಮೂವರು ತಮ್ಮಂದಿರು ಶಾಲೆಯಲ್ಲಿದ್ದರು. ಇಪ್ಪತ್ತೆರಡಕ್ಕೆ ಅಣಿಮಾ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆಯಾದರು, ಅರವತ್ತಕ್ಕೆ ನಿವೃತ್ತರಾದರು. ನಡುವೆ ತಮ್ಮಂದಿರ ಮದುವೆಗಳಾದವು, ಇವರದು ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ಸೈಕಲ್ ಮೇಲಿದ್ದೆ, ಯಾರೂ ಹಿಡೀಲಿಲ್ಲ" ಎಂದು ಮಾತು ಮುಗಿಸುತ್ತಾರೆ.

ಅವರು ಬರಹಗಾರರಾದದ್ದು ಬೇಕೆಂದು ಅಲ್ಲ, ಮಕ್ಕಳು ಬಾಯಿ ಬಿಡುತ್ತಿರಲಿಲ್ಲವೆಂದು. ಪೋಲಿಯೊ ಹನಿ ಹಾಕಲು ಹೋದರೆ ಎರಡು ಮೂರು ವರ್ಷದ ಮಕ್ಕಳು ತುಟಿ ಬಿಗಿದು ಕೂರುತ್ತಿದ್ದವು. ತಾಯಂದಿರು ಗದರಿದರೆ ಇನ್ನೂ ಬಿಗಿಯುತ್ತಿದ್ದವು. ಅಣಿಮಾ ಒಂದು ಉಪಾಯ ಹೂಡಿದರು. "ಒಂದು ದೋಣಿ ಇತ್ತು. ದೋಣೀಲಿ ಒಬ್ಬಳು ಮುದುಕಿ. ಮುದುಕಿ ಬೆನ್ನ ಹಿಂದೆ ಏನು ಕೂತಿತ್ತು ಗೊತ್ತಾ?" ಎಂದು ದನಿ ಇಳಿಸಿ ಕೇಳುವುದು. ಮಗು "ಏನು?" ಎಂದು ಬಾಯಿ ತೆರೆದ ಗಳಿಗೆಗೆ ಎರಡು ಹನಿ ಒಳಗೆ.

"ಮೋಸ ಕಣ್ರೀ ಅದು, ಶುದ್ಧ ಮೋಸ," ಎಂದು ನಗುತ್ತಾರೆ. "ನಾಲ್ಕು ವಾರ ಬಿಟ್ಟು ಎರಡನೇ ಸುತ್ತಿಗೆ ಹೋದೆ. ಆ ಪಿಳ್ಳೆಗಳೆಲ್ಲ ಸೆರಗು ಹಿಡ್ಕೊಂಡು ನಿಲ್ಲಿಸಿದ್ವು. ಏನು ಕೂತಿತ್ತು ಹೇಳು, ಹೇಳದೆ ಹೋಗೋ ಹಾಗಿಲ್ಲ ಅಂತ. ನನಗೇ ಗೊತ್ತಿರ್ಲಿಲ್ಲ! ಮನೆಗೆ ಬಂದು ಯೋಚಿಸಿ ಬರೆದಿಟ್ಕೊಂಡೆ. ಇದನ್ನೆಲ್ಲ ಸಾಹಿತ್ಯ ಅಂತಾರೆ ಅಂತ ಆಮೇಲೆ ಯಾರೋ ಹೇಳಿದ್ರು."

ಮುದುಕಿಯ ಬೆನ್ನ ಹಿಂದೆ ಕೂತಿದ್ದದ್ದು ಒಂದು ದೆವ್ವ. ಮುದುಕಿಗೆ ದೋಣಿ ಪಿಶಿ ಎಂದು ಹೆಸರಾಯಿತು. ಪಿಶಿ ಎಂದರೆ ಅಪ್ಪನ ಒಡಹುಟ್ಟಿದವಳು, ಸೋದರತ್ತೆ. ಸತ್ತವರನ್ನು ಹೊಳೆ ದಾಟಿಸುವುದು ಆಕೆಯ ಕಸುಬು. ಬಾಡಿಗೆಗೆ ದುಡ್ಡು ಬೇಡ, ಬದುಕಿದ್ದಾಗ ಹೇಳಿದ ಒಂದು ಸುಳ್ಳನ್ನು ದೆವ್ವ ಒಪ್ಪಿಕೊಳ್ಳಬೇಕು. ಗಣಿತಕ್ಕೆ ಹೆದರುತ್ತಿದ್ದ ಹೆಡ್‌ಮಾಸ್ತರರ ದೆವ್ವ, ಅಕ್ಕಿ ಗಿರಣಿಯ ಮೆಳ್ಳಗಣ್ಣಿನ ದೆವ್ವ, ಸತ್ತರೂ ತಾನೇ ಊರಿನ ಮುಖ್ಯಸ್ಥನೆಂದು ಕೂರಲು ಕುರ್ಚಿ ಕೇಳುವ ದೆವ್ವ, ಹೀಗೆ ನೂರೆಂಟು ಮಂದಿ ಆ ದೋಣಿ ಹತ್ತಿದ್ದಾರೆ. ನಡುಹೊಳೆಯಲ್ಲಿ ಸುಳ್ಳು ಹೊರಬೀಳುವಷ್ಟರಲ್ಲಿ ಕತೆ ಮುಗಿಯುತ್ತದೆ. ಆಚೆ ದಡದಲ್ಲಿ ಏನಿದೆ ಎಂದು ಒಂದು ಕತೆಯಲ್ಲೂ ಇಲ್ಲ. ಮೊದಲ ಓದುಗರಿಗೆ ಈಗ ಮೊಮ್ಮಕ್ಕಳಾಗಿವೆ, ಅವರಿಗೂ ಗೊತ್ತಿಲ್ಲ.

ಹದಿನಾಲ್ಕು ಕಾದಂಬರಿ, ಇನ್ನೂರ ಹತ್ತು ಕತೆ. ದಿನಕ್ಕೆ ಮೂರು ಪುಟ, ನಾಲ್ಕೂ ಮುಕ್ಕಾಲರಿಂದ ಏಳರ ತನಕ, ಮೂರು ಮುಗಿದ ಮೇಲೆ ವಾಕ್ಯ ಅರ್ಧದಲ್ಲಿದ್ದರೂ ಪೆನ್ನು ಮುಚ್ಚಿಡುತ್ತಾರೆ. ಇಷ್ಟಾದರೂ ಊರಿನ ಗ್ರಂಥಾಲಯದಲ್ಲಿ ಅವರ ಪುಸ್ತಕಗಳಿರುವುದು 'ಇತರೆ' ಎಂಬ ಕಪಾಟಿನಲ್ಲಿ. ಗೋಡೆಯ ಮೇಲೆ ಒಂದೇ ಒಂದು ಪ್ರಶಸ್ತಿ ಫಲಕವಿದೆ, ಅದು ಬ್ಲಾಕ್ ಕಚೇರಿ ಕೊಟ್ಟದ್ದು, ಪೋಲಿಯೊ ಕೆಲಸಕ್ಕೆ. ಅದರ ಮೇಲೆ ಅವರು ಛತ್ರಿ ನೇತುಹಾಕುತ್ತಾರೆ.

ಅಣಿಮಾ ಅವರ ಅಧ್ಯಾಯಗಳೆಲ್ಲ ಒಂದೇ ಉದ್ದ. ಗಟ್ಟಿಯಾಗಿ ಓದಿದರೆ ಸರಿಯಾಗಿ ಅರ್ಧ ಗಂಟೆ. ಇದರ ಗುಟ್ಟು ಬುಧವಾರದಲ್ಲಿದೆ. ಬುಧವಾರ ಉಪಕೇಂದ್ರದಲ್ಲಿ ಕೂಸುಗಳಿಗೆ ಚುಚ್ಚುಮದ್ದು. ಚುಚ್ಚಿಸಿಕೊಂಡ ಮೇಲೆ ಜ್ವರವೋ ಮತ್ತೇನೋ ಬಂದೀತೆಂದು ಅರ್ಧ ಗಂಟೆ ಅಲ್ಲೇ ಕೂರಬೇಕೆಂಬ ನಿಯಮವಿದೆ. ಆ ಅರ್ಧ ಗಂಟೆ ಅಣಿಮಾ ಅವರದು. ನಿವೃತ್ತರಾಗಿ ಹತ್ತು ವರ್ಷವಾದರೂ ಬುಧವಾರ ತಪ್ಪದೆ ಹೋಗಿ, ಆ ವಾರ ಬರೆದ ಅಧ್ಯಾಯವನ್ನು ಅಳುವ ಕೂಸುಗಳ ನಡುವೆ ಕೂತು ಓದುತ್ತಾರೆ. ಕೂಸುಗಳ ಜೊತೆ ಬಂದ ಅಕ್ಕ ಅಣ್ಣಂದಿರು, ತಾಯಂದಿರು, ಒಬ್ಬಿಬ್ಬರು ಅಜ್ಜಿಯರು ಕೇಳುತ್ತಾರೆ. ಅಳು ನಿಂತ ಜಾಗಕ್ಕೆ ಅಣಿಮಾ ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಎಲ್ಲರೂ ಆಕಳಿಸಿದ ಜಾಗವನ್ನು ಮನೆಗೆ ಬಂದು ಹೊಡೆದು ಹಾಕುತ್ತಾರೆ.

ಕಳೆದ ಕಾರ್ತಿಕದಲ್ಲಿ ಅವರು ಹೊಸ ಕಾದಂಬರಿ ಹಿಡಿದರು. ಇದರಲ್ಲಿ ದೋಣಿ ಆಚೆ ದಡ ಮುಟ್ಟುತ್ತದೆ ಎಂದು 'ಲಾಟ್ಟು' ತನ್ನ ಪುಷ್ಯ ಮಾಸದ ಸಂಚಿಕೆಯಲ್ಲೇ ಸಾರಿಬಿಟ್ಟಿತು. ಹನ್ನೊಂದು ಬುಧವಾರ ಹನ್ನೊಂದು ಅಧ್ಯಾಯ ಓದಿದ್ದಾಯಿತು. ಹನ್ನೆರಡನೆಯದನ್ನು ಮಾಘದಲ್ಲಿ, ಎದೆಗೆ ಕಫ ಕಟ್ಟಿ ಜ್ವರದಲ್ಲಿ ಮಲಗಿದ್ದಾಗ, ಐದು ಬೆಳಗಿನಲ್ಲಿ ಬರೆದು ಮುಗಿಸಿದರು. ಆ ವಾರ ಉಪಕೇಂದ್ರಕ್ಕೆ ಹೋಗಲಾಗಲಿಲ್ಲ. ಆಚೆ ದಡದ ಅಧ್ಯಾಯವನ್ನು ಯಾರ ಕಿವಿಗೂ ಹಾಕಲಿಲ್ಲ.

ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು, ಬಂಗಾಳದಲ್ಲಿ ಅದು ಮಾಘದ ಪಂಚಮಿಗೆ. ಕಾಲ್ನಾದಲ್ಲಿ ಇದು ದುರ್ಗಾಪೂಜೆಗಿಂತ ಜೋರು. ಅವತ್ತು ಪುಸ್ತಕ, ಪೆನ್ನು ಎಲ್ಲ ದೇವಿಯ ಪಾದದಲ್ಲಿ. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಮಕ್ಕಳು ತಮಗೆ ಯಾವ ವಿಷಯ ಕಷ್ಟವೋ ಅದರ ಪುಸ್ತಕವನ್ನೇ ಹುಡುಕಿ ತಂದಿಡುತ್ತವೆ, ಹಾಗಾಗಿ ದೇವಿಯ ಎದುರು ಗಣಿತದ್ದೇ ರಾಶಿ. ಅಣಿಮಾ ಪ್ರತಿವರ್ಷ ತಮ್ಮ ಹಸ್ತಪ್ರತಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಓಣಿಯ ಕ್ಲಬ್ಬಿನ ಮಂಟಪದಲ್ಲಿಟ್ಟು, ಮರುದಿನ ಮೊಸರವಲಕ್ಕಿಯ ನೈವೇದ್ಯವಾದ ಮೇಲೆ ತೆಗೆದುಕೊಂಡು ಬರುವವರು. ದೇವಿ ನೋಡುವ ಮೊದಲು ಜೆರಾಕ್ಸ್ ಅಂಗಡಿಯವನು ನೋಡಬಾರದು ಎಂಬುದು ಅವರೇ ಹಾಕಿಕೊಂಡ ನೇಮ. ಪ್ರತಿ ಇದ್ದದ್ದು ಅದೊಂದೇ.

ಈ ವರ್ಷ ಮರುದಿನ ಜ್ವರ ಏರಿತು, ಏಳಲಾಗಲಿಲ್ಲ. ಗಂಟನ್ನು ಕ್ಲಬ್ಬಿನ ಕಾರ್ಯದರ್ಶಿ ಎತ್ತಿಟ್ಟಿದ್ದಾನೆಂದು ಅವರು ತಿಳಿದರು. ಅವರೇ ಒಯ್ದಿದ್ದಾರೆಂದು ಕಾರ್ಯದರ್ಶಿ ತಿಳಿದ. ಮೂರನೇ ದಿನ ಡೋಲು ಬಡಿಯುತ್ತಾ ಮೂರ್ತಿಯನ್ನು ಭಾಗೀರಥಿಗೆ ಬಿಟ್ಟರು. ನಾಲ್ಕನೇ ದಿನ ಅಣಿಮಾ ಹೋಗಿ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಓಣಿಯ ಗಂಡಸರು ಹೊಳೆಯ ಘಾಟಿನ ಮೆಟ್ಟಿಲಿಳಿದು ಕಾಲಲ್ಲಿ ಕೆಸರು ತಡಕಿದರು. ಮಣ್ಣು ಕರಗಿದ ಮೂರ್ತಿಗಳ ಹುಲ್ಲಿನ ಹಂದರಗಳು ಸಿಕ್ಕವು, ಒಂದು ಹಂಸದ ಕೊಕ್ಕು ಸಿಕ್ಕಿತು, ಯಾರದೋ ಚಪ್ಪಲಿ ಸಿಕ್ಕಿತು. ನೂರ ಅರವತ್ತು ಹಾಳೆಯಲ್ಲಿ ಒಂದೂ ಸಿಗಲಿಲ್ಲ.

ಅಣಿಮಾ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೇ ದಿನ ಉಪಕೇಂದ್ರದ ಆಶಾ ಕಾರ್ಯಕರ್ತೆ ಸಾಬೇರಾ ಬೀಬಿ ಬಂದು ಬಾಗಿಲಲ್ಲೇ ನಿಂತರು. ಹನ್ನೊಂದು ಬುಧವಾರವೂ ಮೂಲೆಯಲ್ಲಿ ಕೂತು ರಿಜಿಸ್ಟರ್ ತುಂಬುತ್ತಾ ಕಿವಿ ಇತ್ತ ಕೊಟ್ಟಿದ್ದವರು ಅವರೊಬ್ಬರೇ.

"ಏಳಿ ಮೇಲೆ," ಎಂದರು ಸಾಬೇರಾ. "ಮೊದಲನೇ ಅಧ್ಯಾಯ ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ನನಗೆ ನಿಮ್ಮ ಹಾಗೆ ಚಂದ ಮಾಡಿ ಹೇಳೋಕೆ ಬರಲ್ಲ, ಆದ್ರೆ ಯಾರು ಯಾವಾಗ ದೋಣಿ ಹತ್ತಿದ್ರು ಅನ್ನೋದು ಲಸಿಕೆ ತಾರೀಕಿನ ಹಾಗೆ ತಲೇಲಿದೆ."

ಹೀಗೆ ಕಾದಂಬರಿ ಬಾಯಿಂದ ಬಾಯಿಗೆ ವಾಪಸ್ ಬರತೊಡಗಿತು. ಸಾಬೇರಾಗೆ ಮರೆತದ್ದನ್ನು ತಾಯಂದಿರು ತುಂಬಿದರು. ಅವರ ನೆನಪು ತುಂಡು ತುಂಡು, ಯಾಕೆಂದರೆ ಕೂಸಿಗೆ ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಬಂದಾಗ ಯಾವ ಅಧ್ಯಾಯ ಕಿವಿಗೆ ಬಿತ್ತೋ ಅದಷ್ಟೇ ಅವರಿಗೆ ಗೊತ್ತು. ಗಿರಣಿ ದೆವ್ವಕ್ಕೆ ಮೆಳ್ಳಗಣ್ಣು ಎಡಗಡೆಯೋ ಬಲಗಡೆಯೋ ಎಂದು ಇಬ್ಬರು ತಾಯಂದಿರು ಜಗಳಕ್ಕೇ ಬಿದ್ದರು. ಐದನೇ ಅಧ್ಯಾಯದಲ್ಲಿ ದೆವ್ವ ಹಲಸಿನ ಹಣ್ಣು ತಿಂದಿತ್ತೆಂದು ಒಬ್ಬಳು ಆಣೆ ಮಾಡಿದಳು. ಅಣಿಮಾ ಹಲಸನ್ನು ಬರೆದೇ ಇರಲಿಲ್ಲ. ಸ್ವಲ್ಪ ಯೋಚಿಸಿ, "ಚೆನ್ನಾಗಿದೆ, ಇರ್ಲಿ ಬಿಡು, ಅದೂ ತಿನ್ಲಿ ಪಾಪ" ಎಂದು ಸೇರಿಸಿಕೊಂಡರು. ವೈಶಾಖ ಮುಗಿಯುವ ಹೊತ್ತಿಗೆ ಹನ್ನೊಂದು ಅಧ್ಯಾಯಗಳೂ ಎದ್ದು ಕೂತವು.

ಉಳಿದದ್ದು ಹನ್ನೆರಡು. ಅದನ್ನು ಕೇಳಿದವರಿಲ್ಲ. ಜ್ವರದಲ್ಲಿ ಬರೆದದ್ದು ಬರೆದವರಿಗೇ ನೆನಪಿಲ್ಲ. ದೋಣಿ ದಡಕ್ಕೆ ತಾಗಿದ ಸದ್ದೊಂದು ನೆನಪಿದೆ, ಮುಂದೆ ಬರೀ ಮಂಜು. ಹೊಸದಾಗಿ ಬರೆದರಾಯಿತಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ಅವರು ನಾಲ್ಕು ಸಲ ಬರೆದರು, ನಾಲ್ಕನ್ನೂ ಬುಧವಾರ ಓದಿದರು, ನಾಲ್ಕಕ್ಕೂ ಆಕಳಿಕೆ ಬಿತ್ತು. ಪತ್ರಿಕೆಯ ಸಂಪಾದಕರು ಫೋನಿನಲ್ಲಿ ಬಹಳ ಮೆತ್ತಗೆ, ಹನ್ನೊಂದನ್ನೇ ಅಚ್ಚು ಹಾಕಿ ಕೊನೆಗೆ 'ಆಚೆ ದಡದಲ್ಲಿ ಏನಿದೆ, ನೀವೇ ಊಹಿಸಿ ಬರೆಯಿರಿ' ಎಂದು ಮಕ್ಕಳಿಗೆ ಸ್ಪರ್ಧೆ ಇಡೋಣವೇ ಎಂದರು. ಅಣಿಮಾ ಫೋನು ಇಟ್ಟ ಮೇಲೆ ಒಂದು ಹೊತ್ತು ಊಟ ಮಾಡಲಿಲ್ಲ.

"ನಲವತ್ತು ವರ್ಷ ಆ ಮಕ್ಕಳಿಗೆ ತಡೀರಿ, ಹೇಳ್ತೀನಿ ಅಂದಿದ್ದೀನಿ," ಎನ್ನುತ್ತಾರೆ. "ಈಗ ನೀವೇ ಹೇಳಿ ಅಂತ ಕೈ ತೊಳ್ಕೊಂಡ್ರೆ ನನ್ನಷ್ಟು ದೊಡ್ಡ ಮೋಸಗಾರ್ತಿ ಇನ್ಯಾರು?"

ಏಳೂವರೆ. ಮಗ್ಗಗಳು ಶುರುವಾಗಿವೆ. ಓಣಿಯ ತಿರುವಿನಲ್ಲಿ ಶಿಬೇಶ್ ಚಕ್ರವರ್ತಿ ಕಾಣಿಸುತ್ತಾರೆ, ಕೈಯಲ್ಲಿ ಸಂದೇಶ ಎಂಬ ಹಾಲಿನ ಸಿಹಿಯ ಪೊಟ್ಟಣ. ವಾರದ ದಿನಗಳಲ್ಲಿ ಅವರು ಹೈಸ್ಕೂಲಿನ ಭೂಗೋಳ ಮಾಸ್ತರು, ಪೂಜೆ ಪುನಸ್ಕಾರಕ್ಕೆ ಈ ಓಣಿಯ ಪುರೋಹಿತರು. ವಯಸ್ಸು ಮೂವತ್ತೆಂಟು. ಅಣಿಮಾ ಕೈಯಿಂದ ಹನಿ ಹಾಕಿಸಿಕೊಂಡವರಾದ್ದರಿಂದ ಅಣಿಮಾಗೆ ಅವರು ಇನ್ನೂ ಮನೆಯ ಮುದ್ದು ಹೆಸರಿನ ಬಾಪಿ. ಗೇಟಿನ ಹತ್ತಿರ ಬಂದು ವಾಪಸ್ ತಿರುಗುತ್ತಾರೆ, ಮತ್ತೆ ಬರುತ್ತಾರೆ.

"ಏನೋ ಬಾಪಿ, ಬೆಳಿಗ್ಗೆ ಬೆಳಿಗ್ಗೆ ಸಂದೇಶ? ಯಾರಿಗಾದ್ರೂ ಹೆಣ್ಣು ನೋಡೋಕೆ ಹೊರಟಿದ್ದೀಯಾ?"

"ಅಣಿಮಾದಿ, ಒಂದು ಮಾತು ಹೇಳ್ಬೇಕು. ಪೂರ್ತಿ ಹೇಳಿದ್ಮೇಲೆ ಬೈಯಿರಿ, ಮಧ್ಯ ಬೇಡ. ಮಧ್ಯ ಬೈದ್ರೆ ನಾನು ಎದ್ದು ಹೋಗ್ಬಿಡ್ತೀನಿ."

"ಕೂತ್ಕೋ."

ಬಾಪಿ ಕೂರುವುದಿಲ್ಲ. ಜಗಲಿಯ ಕಂಬ ಹಿಡಿದು ನಿಂತೇ ಹೇಳುತ್ತಾರೆ. "ಪೂಜೆ ದಿನ ಹದಿಮೂರು ಮನೆ ಪೂಜೆ ಮಾಡಿದ್ದೆ. ಗೊತ್ತಲ್ಲ, ಅವತ್ತು ಪುರೋಹಿತರನ್ನ ರಸ್ತೇಲೇ ಎಳ್ಕೊಂಡು ಹೋಗ್ತಾರೆ. ನಮ್ಮ ಕ್ಲಬ್ಬಿಂದು ಕೊನೇದು. ಮಧ್ಯಾಹ್ನ ಎಲ್ಲ ಖಿಚಡಿ ಊಟಕ್ಕೆ ಹೋದ್ರು. ಮಂಟಪದಲ್ಲಿ ನಾನೊಬ್ಬನೇ. ನಿಮ್ಮ ಹಳದಿ ಗಂಟು ಎದುರಿಗೇ ಇತ್ತು."

ಅಣಿಮಾ ಚಹಾದ ಲೋಟ ಕೆಳಗಿಡುತ್ತಾರೆ. "ಬಿಚ್ಚಿದೆಯಾ?"

"ಬಿಚ್ಚಿದೆ."

"ಓದಿದೆಯಾ?"

"ಕೊನೇ ಅಧ್ಯಾಯ ಮಾತ್ರ. ಏಳನೇ ವಯಸ್ಸಿಂದ ಕಾದಿದ್ದೀನಿ ದಿದಿ, ಆಚೆ ದಡದಲ್ಲಿ ಏನಿದೆ ಅಂತ."

"ಪೂಜೆ ದಿನ? ನೀನು? ಪುರೋಹಿತ?"

"ಇವತ್ತು ಪುಸ್ತಕ ಮುಟ್ಟಿದ್ರೆ ವರ್ಷವಿಡೀ ವಿದ್ಯೆ ಹತ್ತಲ್ಲ ಅಂತ ಬೆಳಿಗ್ಗೆ ತಾನೇ ಮಕ್ಕಳಿಗೆ ಹೇಳಿ ಬಂದಿದ್ದೆ," ಎನ್ನುತ್ತಾ ಬಾಪಿ ನೆಲ ನೋಡುತ್ತಾರೆ.

ಅಣಿಮಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪಕ್ಕದ ಮನೆಯ ಮಗ್ಗ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಬಾಪಿ ಮಾತ್ರ ನಗುವುದಿಲ್ಲ. "ಇನ್ನೂ ಇದೆ. ಮುಗಿಸೋ ಹೊತ್ತಿಗೆ ಯಾರೋ ಬಂದ ಸದ್ದಾಯ್ತು. ಗಂಟು ಕಟ್ಟಿ ಪಾದದ ಹತ್ರ ಇಡೋಕೆ ಧೈರ್ಯ ಸಾಲಲಿಲ್ಲ. ಹಂಸದ ಹಿಂದೆ, ಹುಲ್ಲಿನ ಸಂದೀಲಿ ಸಿಕ್ಕಿಸಿದೆ. ಆಮೇಲೆ ತೆಗೆದಿಡೋಣ ಅಂತ. ಅಷ್ಟರಲ್ಲಿ ಪುರೋಹಿತರು ಸಿಗದ ಇನ್ನೊಂದು ಮನೆಯವರು ಬಂದು ಎಳ್ಕೊಂಡು ಹೋದ್ರು. ಮರುದಿನ ಶಾಲೆ. ಅದರ ಮರುದಿನ ನೆನಪಾಗಿ ಘಾಟಿಗೆ ಓಡೋ ಹೊತ್ತಿಗೆ ಮೂರ್ತಿ ನೀರಲ್ಲಿತ್ತು."

ಅಣಿಮಾ ನಗು ಅಲ್ಲೇ ನಿಲ್ಲುತ್ತದೆ. ಅವರಿಗೆ ಬಂದದ್ದು ಸಿಟ್ಟು, ನಿಜವಾದ ಸಿಟ್ಟು.

"ನಾಲ್ಕು ತಿಂಗಳು ಕಣೋ! ನಾಲ್ಕು ತಿಂಗಳು ನನಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಗಂಟು ಅಲ್ಲಿಟ್ಟಿದ್ದೇ ಸುಳ್ಳೇನೋ, ಬರೆದಿದ್ದೇ ಸುಳ್ಳೇನೋ ಅಂತ. ಆ ಕಾರ್ಯದರ್ಶಿ ಹುಡುಗ ನನ್ನ ಕಂಡ್ರೆ ರಸ್ತೆ ದಾಟಿ ಹೋಗ್ತಾನೆ. ನೀನು ದಿನಾ ಇದೇ ಓಣೀಲಿ ಸೈಕಲ್ ಬೆಲ್ ಹೊಡ್ಕೊಂಡು ಓಡಾಡ್ತಿದ್ದೆ!"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಓಣಿಯ ಅಷ್ಟೂ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸೋದು ನಾನು. ಮೊನ್ನೆ ಸಾಬೇರಾದಿ ಹೇಳಿದ್ರು, ಹನ್ನೊಂದಕ್ಕೇ ನಿಲ್ಲಿಸಿ ಸ್ಪರ್ಧೆ ಇಡ್ತಾರಂತೆ ಅಂತ. ಅವತ್ತಿಂದ ನಿದ್ದೆ ಇಲ್ಲ."

ಅಷ್ಟರಲ್ಲಿ ಸಾಬೇರಾ ಬೀಬಿಯೇ ಬರುತ್ತಾರೆ, ರಿಜಿಸ್ಟರ್ ಕಂಕುಳಲ್ಲಿ. ಬುಧವಾರವಲ್ಲವೇ, ಅಣಿಮಾರನ್ನು ಕರೆದೊಯ್ಯಲು ಬಂದದ್ದು. ಎರಡು ಮಾತಿನಲ್ಲಿ ವಿಷಯ ತಿಳಿದು, ಪುರೋಹಿತರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಂದೇಶದ ಪೊಟ್ಟಣ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. "ಬಾಡಿಗೆ ಕೊಟ್ಟಾಯ್ತಲ್ಲ," ಎನ್ನುತ್ತಾರೆ. "ಇನ್ನು ದೋಣಿ ಹತ್ತಿಸಿ ಇವನನ್ನ."

ಅಣಿಮಾ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. "ಹೇಳು."

"ದೋಣಿ ಆಚೆ ದಡಕ್ಕೆ ತಾಗುತ್ತೆ," ಎಂದು ಬಾಪಿ ಶುರು ಮಾಡುತ್ತಾರೆ. "ಪಿಶಿ ಹಗ್ಗ ಎಸೀತಾಳೆ..."

"ಹಗ್ಗ ಎಲ್ಲಿಂದ ಬಂತು? ಆರನೇ ಅಧ್ಯಾಯದಲ್ಲೇ ಹಗ್ಗ ಹೋಗಿದೆ. ಹುಟ್ಟುಗೋಲನ್ನ ಕೆಸರಿಗೆ ನೆಡ್ತಾಳೆ."

"ಹಾಂ, ಹುಟ್ಟುಗೋಲು. ಆಮೇಲೆ ಕತ್ತಲೆ..."

"ಕತ್ತಲೆ ಅಲ್ಲ, ಮಂಜು. ಮಂಜಲ್ಲಿ ಗಲಾಟೆ ಕೇಳುತ್ತೆ. ಪಿಶಿ ಅಂದ್ಕೋತಾಳೆ, ಸತ್ತವರ ಊರಲ್ಲಿ ಇಷ್ಟು ಗಲಾಟೆ ಯಾಕಪ್ಪಾ ಅಂತ. ಮುಂದೆ ಹೇಳೋ, ಯಾಕೆ ನಿಲ್ಲಿ‌ಸ್ದೆ?"

"ಮಂಜು ಸರಿದ್ರೆ ಕೂಸುಗಳು. ಈ ಕಡೆ ಹುಟ್ಟಿ ಬರೋಕೆ ಕಾಯ್ತಿರೋವು. ಇನ್ನೂ ಹೆಸರಿಲ್ಲ ಅವಕ್ಕೆ. ಸಾಲಾಗಿ ಕೂತಿವೆ."

"ಸಾಲಾಗಿ?" ಅಣಿಮಾ ದನಿ ಏರುತ್ತದೆ. "ಮೂವತ್ತೆಂಟು ವರ್ಷ ಕೂಸುಗಳನ್ನ ನೋಡಿದ್ದೀನಿ, ಸಾಲಾಗಿ ಕೂತಿದ್ದು ಒಂದು ದಿನ ಇಲ್ಲ. ಒಂದರ ಮೇಲೊಂದು ಬಿದ್ದಿರ್ತವೆ. ಒಂದು ಇನ್ನೊಂದರ ಕಿವಿ ಜಗೀತಿರುತ್ತೆ."

ಕೈ ಆಗಲೇ ಓಡುತ್ತಿದೆ. ಬಾಪಿ ತಪ್ಪು ಹೇಳಿದಂತೆಲ್ಲ ಅಣಿಮಾ ರೇಗುತ್ತಾರೆ, ರೇಗಿದಂತೆಲ್ಲ ಹಾಳೆ ತುಂಬುತ್ತದೆ. ಪುರೋಹಿತರ ನೆನಪು ಅರೆಬರೆ, ಆದರೆ ಅದನ್ನು ತಿದ್ದುವ ಹಟದಲ್ಲಿ ಬರಹಗಾರ್ತಿಯ ನೆನಪು ಎದ್ದು ಬರುತ್ತಿದೆ. ಸಾಬೇರಾ ಗಡಿಯಾರ ನೋಡುತ್ತಾರೆ, ಇನ್ನೊಂದು ಸಂದೇಶ ಎತ್ತಿಕೊಳ್ಳುತ್ತಾರೆ. ಐದು ಪುಟವಾಗುತ್ತದೆ. ಮೂರು ಪುಟದ ನಿಯಮ ಇವತ್ತು ಮುರಿದಿದೆ.

"ಕೊನೆಗೆ," ಎನ್ನುತ್ತಾರೆ ಬಾಪಿ, ಈಗ ಚಾಪೆಯ ಮೇಲೆ ಕೂತು, "ಅಲ್ಲಿ ಇನ್ನೊಬ್ಬಳು ಅಂಬಿಗಿತ್ತಿ ಇರ್ತಾಳೆ, ಚಿಕ್ಕ ವಯಸ್ಸಿನವಳು. ಪಿಶಿ ಹುಟ್ಟುಗೋಲನ್ನ ಅವಳ ಕೈಗೆ ಕೊಟ್ಟುಬಿಡ್ತಾಳೆ. ಕೂಸುಗಳನ್ನ ಹತ್ತಿಸ್ಕೊಂಡು ಅವಳು ದೋಣಿ ಬಿಡ್ತಾಳೆ. ಪಿಶಿ ದಡದ ಮೇಲೆ ಕಾಲು ಚಾಚಿ ಕೂತು ಕೈ ಬೀಸ್ತಾಳೆ. ಅಷ್ಟೇ. ಮುಗೀತು."

"ಸುಳ್ಳು."

"ದಿದಿ..."

"ನಾನು ಹಾಗೆ ಬರೆದಿಲ್ಲ. ಪಿಶಿ ಹುಟ್ಟುಗೋಲು ಕೊಡೋಳಲ್ಲ."

"ಅವಳು ಕೈ ಬೀಸೋ ಕಡೆ ನಾನು ಅತ್ತಿದ್ದೀನಿ, ಅಣಿಮಾದಿ. ದೇವಿ ಎದುರಿಗೆ ಕೂತು ಅತ್ತಿದ್ದೀನಿ. ಹಗ್ಗ ಮರೀಬಹುದು, ಮಂಜು ಮರೀಬಹುದು. ಇದನ್ನ ಹೇಗೆ ಮರೀಲಿ?"

ಅಣಿಮಾ ಸಾಬೇರಾ ಕಡೆ ತಿರುಗುತ್ತಾರೆ, ನ್ಯಾಯ ಹೇಳು ಎಂಬಂತೆ. ಸಾಬೇರಾ ಕೈಗಂಟಿದ ಸಂದೇಶದ ಪುಡಿ ಒರೆಸಿಕೊಳ್ಳುತ್ತಾರೆ. "ನಾನು ಹನ್ನೆರಡನೇದು ಕೇಳಿಲ್ಲ," ಎನ್ನುತ್ತಾರೆ ನಿಧಾನಕ್ಕೆ. "ಆದ್ರೆ ನಿಮಗೆ ಜ್ವರ ಇದ್ದಾಗ ಗಂಜಿ ತಂದಿದ್ನಲ್ಲ, ಅವತ್ತು ನೀವೇ ಹೇಳಿದ್ರಿ. ಸಾಕಾಯ್ತು ಸಾಬೇರಾ, ಇದೊಂದು ಮುಗಿಸಿ ಪೆನ್ನು ಇಟ್ಟುಬಿಡ್ತೀನಿ, ಇನ್ಯಾರಾದ್ರೂ ಬರೀಲಿ ಅಂತ. ನಾನು ಹೊರಗೆ ಹೋಗಿ ಅತ್ತು ಬಂದೆ. ನಿಮಗೆ ಹೇಳ್ಲಿಲ್ಲ."

ಅಣಿಮಾ ಹಾಳೆ ನೋಡುತ್ತಾರೆ. ಅವರಿಗೆ ಈಗ ಎಲ್ಲ ನೆನಪಾಗಿದೆ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ದಡದ ಮೇಲೆ ಚಾಚಿದ ಕಾಲು, ಬೀಸಿದ ಕೈ, ಎಲ್ಲ ಅವರವೇ. ನಾಲ್ಕು ಸಲ ಬರೆದದ್ದು ಯಾಕೆ ಸಪ್ಪೆಯಾಯಿತು ಎಂಬುದಕ್ಕೂ ಉತ್ತರ ಸಿಕ್ಕಿರಬೇಕು. ಮುಗಿಸಲು ಮನಸ್ಸಿಲ್ಲದವರು ಮುಗಿಸಲು ಹೊರಟಿದ್ದರು.

"ಹಾಗಾದ್ರೆ ಅದು ಮುಳುಗಿದ್ದೇ ಒಳ್ಳೇದಾಯ್ತು," ಎನ್ನುತ್ತಾರೆ ಕೊನೆಗೆ. "ಜ್ವರ ಬಂದವಳು ಬರೆದಿದ್ದು ಅದು. ಏಳು ಬಾಪಿ, ಶಾಲೆಗೆ ತಡವಾಯ್ತು. ಮೊದಲು ಆ ಕಾರ್ಯದರ್ಶಿ ಹುಡುಗನ ಮನೆಗೆ ಹೋಗು, ಅವನ ಮುಂದೆ ಇಷ್ಟನ್ನೂ ಹೇಳು. ಆಮೇಲೆ ನಿನ್ನ ಭೂಗೋಳ."

ಬಾಪಿ ಎದ್ದು ಅವರ ಕಾಲು ಮುಟ್ಟಲು ಬಗ್ಗುತ್ತಾರೆ. ಅಣಿಮಾ ಕಾಲು ಒಳಗೆಳೆದುಕೊಂಡು, "ಪುರೋಹಿತನ ಕೈಲಿ ಕಾಲು ಮುಟ್ಟಿಸ್ಕೊಂಡು ಇನ್ನೊಂದು ಪಾಪ ಕಟ್ಕೊಳ್ಲಾ?" ಎಂದು ಗದರುತ್ತಾರೆ. ಬಾಪಿ ಗೇಟು ದಾಟಿದ ಮೇಲೆ ಸಾಬೇರಾ ಕಡೆ ವಾಲಿ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಹೇಳುತ್ತಾರೆ: "ಹದಿಮೂರು ಪೂಜೆ ಮಾಡಿ ಹಸಿದಿದ್ದ ಕಣೆ. ಖಿಚಡಿ ಬಿಟ್ಟು ನನ್ನ ಓದಿದಾನೆ."

ಮುಂದಿನ ಏಳು ಬೆಳಗು ಅವರು ಬರೆಯುತ್ತಾರೆ. ಮತ್ತೆ ಬುಧವಾರ ಬಂದಾಗ ಉಪಕೇಂದ್ರದ ಜಗಲಿಯಲ್ಲಿ ಹನ್ನೆರಡನೇ ಅಧ್ಯಾಯ ಓದುತ್ತಾರೆ. ಹಂಚಿನ ಮೇಲೆ ಮಳೆ ಬೀಳುತ್ತಿದೆ, ಹಾಗಾಗಿ ದನಿ ಏರಿಸಿಯೇ ಓದಬೇಕು. ಹದಿನಾರು ಕೂಸು, ಹತ್ತೊಂಬತ್ತು ಹೆಂಗಸರು, ಮೂರು ಹಲ್ಲು ಬಿದ್ದಿರುವ ಒಬ್ಬಳು ಅಕ್ಕ. ಕೂಸುಗಳ ಗಲಾಟೆ ಬಂದ ಕಡೆ ತಾಯಂದಿರು ತಮ್ಮ ತಮ್ಮ ಕೂಸುಗಳನ್ನು ನೋಡಿಕೊಂಡು ನಗುತ್ತಾರೆ. ಅರ್ಧ ಗಂಟೆ ಮುಗಿದದ್ದನ್ನು ನರ್ಸ್ ಹೇಳಿದರೂ ಯಾರೂ ಏಳುವುದಿಲ್ಲ. ಅಂಚಿನಲ್ಲಿ ಚುಕ್ಕೆ ಇಡಲು ಅಣಿಮಾ ಮರೆತಿದ್ದಾರೆ.

ಆಷಾಢದ ಹದಿನೆಂಟಕ್ಕೆ ಹಸ್ತಪ್ರತಿ ಕೋಲ್ಕತ್ತಾ ಸೇರುತ್ತದೆ. ಈ ಸಲ ಮೊದಲೇ ಮೂರು ಜೆರಾಕ್ಸ್ ಆಗಿವೆ. ಒಂದು ಸಾಬೇರಾ ಮನೆಯಲ್ಲಿ, ಒಂದು ಕಾರ್ಯದರ್ಶಿಯ ಬೀರುವಿನಲ್ಲಿ, ಇನ್ನೊಂದನ್ನು ಪುರೋಹಿತರು ಕೇಳಿ ಇಸಿದುಕೊಂಡು ಹೋಗಿದ್ದಾರೆ. ಆ ಸಂಜೆಯೇ ಸಂಪಾದಕರ ಫೋನು ಬರುತ್ತದೆ. ಒಂದೇ ಪಟ್ಟಿಗೆ ಓದಿ ಮುಗಿಸಿದ್ದಾರೆ. ಮಾಲೆಯ ಕೊನೆಯ ಪುಸ್ತಕ ಎಂದು ಮಾಘದಲ್ಲಿ ನೀವೇ ಹೇಳಿದ್ದಿರಿ, ಮುಖಪುಟದ ಮೇಲೆ ಹಾಗೆಂದು ಹಾಕಬೇಕಲ್ಲವೇ ಎಂದು ಕೇಳುತ್ತಾರೆ.

ಅಣಿಮಾ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಳ್ಳುತ್ತಾರೆ.

"ಹಾಕೋದು ಹೇಗೆ?" ಎನ್ನುತ್ತಾರೆ. "ಪಿಶಿ ದೋಣಿ ತುಂಬ ಕೂಸುಗಳನ್ನ ಹೇರ್ಕೊಂಡು ಈ ಕಡೆ ಹೊರಟಿದ್ದಾಳೆ, ಇನ್ನೂ ನಡುಹೊಳೇಲಿದ್ದಾಳೆ. ಒಂದಕ್ಕೂ ಹೆಸರಿಟ್ಟಿಲ್ಲ. ಅವಳನ್ನ ಅಲ್ಲಿ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?"